ಹೊರಗಿನದ್ದು ಬರ್ಲಿ, ಆದ್ರೆ ತೀರ್ಮಾನ ನಮ್ಮ ಕಲಾವಿದರ ಕೈಯಲ್ಲೇ ಇರ್ಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಜಾಗತೀಕರಣದಿಂದ ನಮ್ಮ ತುಳುನಾಡಿನ ಕಲೆ, ಆಚರಣೆಗಳಿಗೆ ಏನಾಗ್ತಾ ಉಂಟು ಅಂತ ನಿಮ್ಮ ಓದುಗರ ಅಂಕಣದಲ್ಲಿ ಕೆಲವು ದಿನದಿಂದ ಪತ್ರಗಳು ಬರ್ತಾ ಉಂಟು, ಎಲ್ಲವನ್ನೂ ಓದಿದ್ದೇನೆ. ಅರ್ಧ ಜನ ಎಲ್ಲ ಹಾಳಾಯ್ತು, ಹೊರಗಿನದ್ದು ಬಂದು ನಮ್ಮದನ್ನ ಮುಗಿಸಿತು ಅಂತ ಬರೀತಾರೆ. ಇನ್ನರ್ಧ ಜನ ಯಕ್ಷಗಾನ ದುಬೈಗೆ ಹೋಗ್ತದೆ, ನಮ್ಮ ದೈವದ (ಭೂತಾರಾಧನೆಯ) ಬಗ್ಗೆ ಇಡೀ ದೇಶ ಮಾತಾಡ್ತದೆ, ಇದಕ್ಕಿಂತ ಇನ್ನೆಂಥ ಬೇಕು ಅಂತ ಕೇಳ್ತಾರೆ. ನಂಗೆ ಎರಡೂ ಪೂರ್ತಿ ಒಪ್ಪಿಗೆ ಆಗ್ಲಿಲ್ಲ. ಹೊರಗಿನದ್ದು ಬರುದು ಈ ಕರಾವಳಿಗೆ ಹೊಸ ಸಂಗತಿ ಅಲ್ಲ, ಹೊರಗೆ ಹೋಗುದೂ ಹೊಸತಲ್ಲ. ಹೊಸತು ಏನು ಅಂದ್ರೆ, ಯಾವುದನ್ನ ತಗೊಳ್ಬೇಕು ಯಾವುದನ್ನ ಬಿಡ್ಬೇಕು, ಯಕ್ಷಗಾನದ ಆಟ ಎಷ್ಟು ಹೊತ್ತು ಆಗ್ಬೇಕು, ಯಾವ ಹೆಜ್ಜೆ ಇರ್ಬೇಕು ಅನ್ನುವ ತೀರ್ಮಾನ ಕಲೆ ಮಾಡುವವರ ಕೈಯಿಂದ ಜಾರಿ ಬೇರೆಯವರ ಕೈಗೆ ಹೋಗ್ತಾ ಇರುದು. ನಾನು ಹೇಳ್ಲಿಕ್ಕೆ ಹೊರಟದ್ದು ಇಷ್ಟೇ, ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ಮೊದ್ಲು ಪತ್ರಿಕೆಯನ್ನೇ ತಗೊಳ್ಳಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ಕ್ಕೆ ಹೊರಟದ್ದು ಇದೇ ಊರಿಂದ, ಹೊರಡಿಸಿದವರು ಜರ್ಮನಿಯಿಂದ ಬಂದ ಹರ್ಮನ್ ಮೋಗ್ಲಿಂಗ್, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ. ಅದೇ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ರು, ನಮೂನೆ ಯುರೋಪಿನದ್ದು, ಮಣ್ಣು ನಮ್ಮ ಹೊಳೆ ಬದಿಯದ್ದು, ಕೆಲಸ ಮಾಡಿದ ಕೈ ನಮ್ಮವರದ್ದು, ಆಮೇಲೆ ನಮ್ಮವರೇ ಕಾರ್ಖಾನೆಗಳನ್ನ ಹಾಕಿ ಹಡಗಲ್ಲಿ ಹೊರದೇಶಕ್ಕೂ ಕಳಿಸಿದ್ರು, ಇವತ್ತು ಮಂಗಳೂರು ಹಂಚನ್ನ ಯಾರೂ ಪರದೇಶದ್ದು ಅನ್ನುದಿಲ್ಲ. ಗೇರುಬೀಜ ಪೋರ್ಚುಗೀಸರು ತಂದದ್ದು, ಒಣಮೆಣಸೂ ಹಾಗೆಯೇ ಸಮುದ್ರ ದಾಟಿ ಬಂದದ್ದು, ಅದಿಲ್ಲದೆ ಕೋರಿ ಗಸಿ (ಕೋಳಿ ಸಾರು) ಎಲ್ಲಿಂದ ಬರ್ಬೇಕು ಹೇಳಿ.

ಆದ್ರೆ ಈ ವಿಷಯದಲ್ಲಿ ನಂಗೆ ಎಲ್ಲಕ್ಕಿಂತ ದೊಡ್ಡ ಉದಾಹರಣೆ ಅಂದ್ರೆ ಸ್ಯಾಕ್ಸೋಫೋನು. ಅದು ಬೆಲ್ಜಿಯಂನ ಅಡೋಲ್ಫ್ ಸ್ಯಾಕ್ಸ್ ಅನ್ನುವವರು 1840ರ ದಶಕದಲ್ಲಿ ಮಾಡಿದ ವಾದ್ಯ, ಮಿಲಿಟರಿ ಬ್ಯಾಂಡಿಗೆ ಹೇಳಿ ಮಾಡಿಸಿದ್ದು. ಬಂಟ್ವಾಳ ತಾಲೂಕಿನ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆಯವರು, ತಂದೆಯೇ ನಾಗಸ್ವರ ವಿದ್ವಾಂಸರು. ಚಿಕ್ಕದಿರುವಾಗ ಮೈಸೂರು ಅರಮನೆ ಬ್ಯಾಂಡಲ್ಲಿ ಈ ವಾದ್ಯ ಕೇಳಿ ಮನಸ್ಸು ಕೊಟ್ಟವರು ಮತ್ತೆ ಬಿಡ್ಲಿಲ್ಲ. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಹತ್ರ ಕಲ್ತು, ಗಮಕವೇ ಬಾರದ ವಾದ್ಯದಲ್ಲಿ ಗಮಕ ಬರ್ಸ್ಲಿಕ್ಕೆ ವರ್ಷಗಟ್ಟಲೆ ಒದ್ದಾಡಿ, ವಾದ್ಯವನ್ನೇ ತಮ್ಮ ಸಂಗೀತಕ್ಕೆ ಬೇಕಾದ ಹಾಗೆ ಸರಿಮಾಡಿಕೊಂಡ್ರು. 1994ರಲ್ಲಿ ಲಂಡನಿನ ರಾಯಲ್ ಆಲ್ಬರ್ಟ್ ಹಾಲಲ್ಲಿ ಬಿಬಿಸಿಯ ಪ್ರೊಮ್ಸ್ ಕಛೇರಿಯಲ್ಲಿ ನುಡಿಸಿದ್ರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರಲ್ಲಿ ಮಂಗಳೂರಿನಲ್ಲೇ ತೀರಿಕೊಂಡ್ರು. ಇದೆಲ್ಲ ನಿಮ್ಮ ಪತ್ರಿಕೆಯಲ್ಲೇ ಬಂದಿದೆ, ನಾನು ಹೇಳ್ಲಿಕ್ಕೆ ಹೊರಟದ್ದು ಅದರ ಮತ್ತಿನ ಸಂಗತಿ. ಈಗ ಸುಳ್ಯದಿಂದ ಕುಂದಾಪುರದವರೆಗೆ ಯಾವ ದೇವಸ್ಥಾನದ ಜಾತ್ರೆಗೆ ಹೋಗಿ, ಯಾವ ನೇಮಕ್ಕೆ (ದೈವಕ್ಕೆ ನಡೆಸುವ ಸೇವೆಗೆ) ಹೋಗಿ, ಯಾವ ಮದುವೆ ಹಾಲಿಗೆ ಹೋಗಿ, ವಾಲಗದವರ ಕೈಯಲ್ಲಿ ಸ್ಯಾಕ್ಸೋಫೋನ್ ಉಂಟು. ದೈವ ಕಾಲಿಗೆ ಗಗ್ಗರ (ಗೆಜ್ಜೆ) ಕಟ್ಟಿ ಹೊರಡುವಾಗ ಅದರ ಸ್ವರ ಕೇಳಿದ್ರೆ ನಮ್ಮ ಮಕ್ಕಳಿಗೆ ಇದು ಬೆಲ್ಜಿಯಂನದ್ದು ಅಂತ ಹೇಳಿದ್ರೂ ನಂಬಲಿಕ್ಕಿಲ್ಲ. ಯಾವ ಸರ್ಕಾರವೂ ಯಾವ ಕಂಪೆನಿಯೂ ಇದನ್ನ ಇಲ್ಲಿ ಹೇರಿದ್ದಲ್ಲ. ನಾಗಸ್ವರ ಊದುವವರೇ ಇದನ್ನ ನೋಡಿ, ಊದಿ, ತಮ್ಮ ಮಕ್ಕಳಿಗೆ ಕಲ್ಸಿ, ತಮ್ಮದು ಮಾಡ್ಕೊಂಡ್ರು. ನಾಗಸ್ವರಕ್ಕೆ ಇದ್ರಿಂದ ಪೆಟ್ಟು ಬಿದ್ದದ್ದು ಹೌದು, ಅದು ನಂಗೂ ಬೇಸರ ಉಂಟು, ಈಗ ನಾಗಸ್ವರ ಊದುವವರನ್ನ ಹುಡುಕ್ಬೇಕು. ಆದ್ರೂ ಅದು ಊದುವವರದ್ದೇ ತೀರ್ಮಾನ, ಅದಕ್ಕೆ ಒಂದು ಗೌರವ ಉಂಟು.

ಹೊರಗಿನವರು ಬಂದು ನಮಗೆ ಉಪಕಾರ ಮಾಡಿದ್ದೂ ಉಂಟು, ಅದನ್ನ ಮರೆತು ಮಾತಾಡ್ಬಾರ್ದು. ಉಜಿರೆ ಹತ್ರ ಮಾಚಾರಿನ ಗೋಪಾಲ ನಾಯ್ಕರು ಹಾಡಿದ, ಸಿರಿಯ ಕತೆ ಹೇಳುವ ಉದ್ದದ ತುಳು ಹಾಡು ಸಿರಿ ಪಾಡ್ದನವನ್ನ 1990ರ ಡಿಸೆಂಬರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವ್ರು, ನಮ್ಮ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜತೆ ಕೂತು ದಿನಗಟ್ಟಲೆ ರೆಕಾರ್ಡ್ ಮಾಡಿದ್ರು, 15,683 ಸಾಲು, ಎಲ್ಲ ಒಬ್ಬರೇ ನೆನಪಿನಿಂದ ಹಾಡಿದ್ದು. ಅದು 1998ರಲ್ಲಿ ಪುಸ್ತಕ ಆಗಿ ಬಂತು. ಉಡುಪಿಯಲ್ಲಿ ಮದ್ದಳೆಗಾರ ಹಿರಿಯಡ್ಕ ಗೋಪಾಲರಾಯರ ಹತ್ರ ಅಮೆರಿಕದ ಮಾರ್ತಾ ಆಷ್ಟನ್ ಯಕ್ಷಗಾನ ಕಲ್ತು, ವೇಷ ಕಟ್ಟಿ, ಆಮೇಲೆ ಅದರ ಬಗ್ಗೆ ಪುಸ್ತಕ ಬರೆದು ಹೊರಗಿನವರಿಗೆ ತಿಳ್ಸಿದ್ರು. ಈ ಇಬ್ಬರಲ್ಲೂ ನಾನು ಗಮನಿಸಿದ್ದು ಒಂದೇ, ಅವ್ರು ಬಂದು ಕೂತು ಕೇಳಿದ್ರು. ಗೋಪಾಲ ನಾಯ್ಕರಿಗೆ ನಿಮ್ಮ ಹಾಡನ್ನ ಮೂರು ನಿಮಿಷಕ್ಕೆ ಇಳಿಸಿ ಅಂತ ಹೇಳ್ಲಿಲ್ಲ, ಅವರ ಹೆಸರನ್ನ ಪುಸ್ತಕದ ಮುಖಪುಟದಲ್ಲೇ ಹಾಕಿದ್ರು.

ಈಗ ಆಗ್ತಾ ಇರುದನ್ನ ನೋಡಿ. ನಮ್ಮ ಯಕ್ಷಗಾನ ಬಯಲಾಟ ಇಡೀ ರಾತ್ರಿ ಆಗ್ತಾ ಇತ್ತು, ಈಗ ಹೆಚ್ಚಿನ ಕಡೆ ಕಾಲಮಿತಿ, ಅಂದ್ರೆ ಕೆಲವೇ ಗಂಟೆಯಲ್ಲಿ ಮುಗಿಸುದು. ಕಾರಣ ಒಂದಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕ್ಬಾರ್ದು ಅನ್ನುವ 2000ದ ನಿಯಮ ಒಂದು, ಊರಿನ ಹುಡುಗ್ರು ಬೆಂಗಳೂರಲ್ಲೋ ಗಲ್ಫಲ್ಲೋ ಇರುದು ಇನ್ನೊಂದು, ಊರಲ್ಲೇ ಇದ್ದವ್ರಿಗೂ ಬೆಳಿಗ್ಗೆ ಕಂಪೆನಿ ಬಸ್ಸು ಬರ್ತದೆ, ಬೆರಳು ಒತ್ತಿ ಹಾಜರಿ ಕೊಡ್ಬೇಕು, ಬೆಳಗಿನ ಜಾವದವರೆಗೆ ಚೌಕಿ (ವೇಷ ಕಟ್ಟುವ ಜಾಗ) ಬದಿಯಲ್ಲಿ ಕೂತ್ಕೊಳ್ಳುವ ಪುರ್ಸೊತ್ತು ಯಾರಿಗೂ ಇಲ್ಲ. ಕಾಲಮಿತಿಯಿಂದ ಕಲಾವಿದರಿಗೆ ನಿದ್ದೆ ಸಿಗ್ತದೆ, ಹೆಂಗಸ್ರು ಮಕ್ಕಳು ಬಂದು ನೋಡಿ ಹೊತ್ತಿಗೆ ಮನೆಗೆ ಹೋಗ್ತಾರೆ, ಇದು ಒಳ್ಳೆದೇ, ನಾನು ವಿರೋಧ ಮಾಡುದಿಲ್ಲ. ನನ್ನ ತಕರಾರು ಏನು ಅಂದ್ರೆ, ಕತ್ತರಿಸುವಾಗ ಮೊದ್ಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ, ಅಂದ್ರೆ ಪ್ರಸಂಗ ಶುರು ಆಗುವ ಮೊದ್ಲಿನ ಭಾಗಕ್ಕೆ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಇದೆಲ್ಲ ಪ್ರೇಕ್ಷಕರು ಬರುವ ಮೊದ್ಲು ಹೊತ್ತು ಕಳೀಲಿಕ್ಕೆ ಅಂತ ತುಂಬ ಜನ ತಿಳ್ಕೊಂಡಿದ್ದಾರೆ, ಅದು ತಪ್ಪು. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಹೆಜ್ಜೆ, ತಾಳ, ರಂಗದ ಭಯ ಬಿಡುದು ಎಲ್ಲ ಕಲೀತಾ ಇದ್ದದ್ದು ಅಲ್ಲಿಯೇ, ಆಮೇಲೆ ರಾತ್ರಿ ಇಡೀ ಚೌಕಿಯಲ್ಲಿ ಕೂತು ದೊಡ್ಡವರ ವೇಷ ನೋಡಿ ನೋಡಿ ಕಲೀತಾ ಇದ್ದ. ಅದನ್ನ ತೆಗೆದ್ರೆ ಶಾಲೆಯ ಒಂದನೇ ಕ್ಲಾಸನ್ನೇ ತೆಗೆದ ಹಾಗೆ. ಬಣ್ಣದ ವೇಷದ ಕತೆ ಇನ್ನೂ ಕಷ್ಟ. ಅಕ್ಕಿಹಿಟ್ಟಿನ ಚುಟ್ಟಿ ಒಂದೊಂದಾಗಿ ಮುಖಕ್ಕೆ ಇಟ್ಟು ರಾಕ್ಷಸನ ಮುಖ ಎಬ್ಬಿಸ್ಲಿಕ್ಕೆ ಗಂಟೆಗಟ್ಟಲೆ ಬೇಕು, ಆಟವೇ ಮೂರು ಗಂಟೆ ಆದ್ರೆ ಯಾರು ಚುಟ್ಟಿ ಇಡ್ತಾರೆ. ಅರದಾಳ, ಇಂಗಳೀಕ ಕಲಸಿ ಬಣ್ಣ ಮಾಡುವವರೂ ಈಗ ಕಮ್ಮಿ, ಡಬ್ಬದ ಬಣ್ಣ ಬಂದಿದೆ. ಗ್ಯಾಸ್ ಲೈಟಿನ ಬೆಳಕಲ್ಲಿ ಕಾಣುವ ಹಾಗೆ ಲೆಕ್ಕ ಮಾಡಿ ಹಾಕ್ತಾ ಇದ್ದ ಗೆರೆ ಅದು, ಈಗ ಎಲ್‌ಇಡಿ ಲೈಟಿಗೆ ಕ್ಯಾಮೆರಾದಲ್ಲಿ ಹೇಗೆ ಕಾಣ್ತದೆ ಅಂತ ನೋಡ್ತಾರೆ. ಮೂರು ಗಂಟೆಯ ಆಟ ಹೇಗಿರ್ಬೇಕು, ಏನು ಉಳಿಸ್ಬೇಕು ಏನು ಬಿಡ್ಬೇಕು ಅಂತ ಭಾಗವತರನ್ನ, ಹಿರಿಯ ವೇಷಧಾರಿಗಳನ್ನ ಕೂರಿಸಿ ಕೇಳಿದ್ದಿದ್ರೆ ಅವ್ರು ಒಂದು ದಾರಿ ಹೇಳ್ತಿದ್ರು ಅಂತ ನಂಗೆ ನಂಬಿಕೆ ಉಂಟು. ತೆರೆ ಹಿಡಿದು ಒಡ್ಡೋಲಗ (ಪಾತ್ರಗಳ ಮೊದಲ ಪ್ರವೇಶ) ಮಾಡುವಾಗ ಎಷ್ಟು ಬೇಕೋ ಅಷ್ಟು ಹೊತ್ತು ಇಡ್ಲಿಕ್ಕೆ, ಯಾವ ಪದ್ಯ ಬಿಡ್ಬಹುದು ಅಂತ ನಿರ್ಧಾರ ಮಾಡ್ಲಿಕ್ಕೆ ಅವ್ರಿಗಿಂತ ಚೆನ್ನಾಗಿ ಗೊತ್ತಿರುವವ್ರು ಯಾರು? ಶಿವರಾಮ ಕಾರಂತರೂ ಯಕ್ಷಗಾನದಲ್ಲಿ ಬದಲಾವಣೆ ಮಾಡಿದವ್ರೇ, ವಯಲಿನ್ ಸ್ಯಾಕ್ಸೋಫೋನ್ ತಂದ್ರು, ಮಾತು ಕಡಿಮೆ ಮಾಡಿದ್ರು, ಹೊರದೇಶಕ್ಕೆ ಕರ್ಕೊಂಡು ಹೋದ್ರು, ಅದಕ್ಕೆ ಜಗಳವೂ ಆಯ್ತು. ಆದ್ರೆ ಅವ್ರು ಹಳೆ ಪ್ರಸಂಗದ ತಾಡವೋಲೆ ಹುಡುಕಿ, ಕಲಾವಿದರ ಜತೆ ಕೂತು, ವರ್ಷಗಟ್ಟಲೆ ಅಭ್ಯಾಸ ಮಾಡ್ಸಿ ಮಾಡಿದ್ದು. ಈಗ ಬುಕಿಂಗ್ ಮಾಡುವವ ಫೋನಲ್ಲೇ, ಹತ್ತು ಗಂಟೆಗೆ ಮುಗ್ಸಿ ಅಂತ ಹೇಳ್ತಾನೆ, ಅಲ್ಲಿಗೆ ಮುಗೀತು.

ಗದ್ದೆ ಹಾಡಿನ ವಿಷಯ ಬೇರೆ. ನೇಜಿ (ಭತ್ತದ ಸಸಿ) ನೆಡುವಾಗ ಹೆಂಗಸ್ರು ಹೇಳುವ ಓಬೇಲೆ, ಪಾಡ್ದನ ಈಗ ಕೇಳುದಿಲ್ಲ ಅಂದ್ರೆ ಅದಕ್ಕೆ ಇಂಗ್ಲಿಷ್ ಹಾಡೋ ಹಿಂದಿ ಹಾಡೋ ಕಾರಣ ಅಲ್ಲ, ಗದ್ದೆಯೇ ಇಲ್ಲ. ಗದ್ದೆ ಅಡಿಕೆ ತೋಟ ಆಯ್ತು, ರಬ್ಬರ್ ಆಯ್ತು, ಲೇಔಟ್ ಆಯ್ತು, ಅಡಿಕೆ ರಬ್ಬರಿಗೆ ರೇಟು ಎಲ್ಲೋ ಹೊರಗೆ ನಿಗದಿ ಆಗ್ತದೆ, ಉಳಿದ ಸ್ವಲ್ಪ ಗದ್ದೆಗೆ ನಾಟಿ ಮೆಷಿನ್ ಬಂತು. ಹಾಡು ಹೋದದ್ದು ಕೆಲಸದ ಹಿಂದೆಯೇ. ಹಾಗಾಗಿ ಕಾಲೇಜಿನವ್ರು ಎಸಿ ಹಾಲಲ್ಲಿ ಆಟಿಡೊಂಜಿ ದಿನ (ಮಳೆಗಾಲದ ತುಳು ತಿಂಗಳು ಆಟಿಯ ನೆನಪಿನ ಕಾರ್ಯಕ್ರಮ) ಮಾಡಿ ಪತ್ರೊಡೆ ತಿಂದು ಓಬೇಲೆ ಹಾಡಿದ್ರೆ ನಾನು ಅದನ್ನ ತಮಾಷೆ ಅನ್ನುದಿಲ್ಲ, ಮಕ್ಕಳಿಗೆ ಕಿವಿಗಾದ್ರೂ ಬೀಳ್ತದೆ. ಆದ್ರೆ ಆ ತಿಂಗಳಲ್ಲಿ ಮನೆ ಮನೆಗೆ ಬರುವ ವೇಷ ಆಟಿ ಕಳೆಂಜನನ್ನ ಸ್ಟೇಜಿಗೆ ಕರ್ದು ಎರಡು ನಿಮಿಷ ಕುಣಿಸಿ ಶಾಲು ಹಾಕಿ ಫೋಟೊ ತೆಗೆದು ಕಳಿಸುವಾಗ, ಆ ವೇಷ ಕಟ್ಟುವ ನಲಿಕೆ ಸಮುದಾಯದವರ ಮನೆಯವ್ರು ಈ ವರ್ಷ ನಿಜವಾಗಿ ಮನೆ ಮನೆಗೆ ಹೋಗಿದ್ದಾರಾ, ಹೋದ್ರೆ ಫ್ಲಾಟಿನ ಗೇಟಲ್ಲಿ ಒಳಗೆ ಬಿಟ್ರಾ ಅಂತ ಯಾರಾದ್ರೂ ಕೇಳ್ಬೇಕಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡ್ತೇನೆ, ಯಾಕಂದ್ರೆ ಇದನ್ನ ಓದಿ ಕೆಲವ್ರು ಹಿಂದಿನ ಕಾಲ ಎಷ್ಟು ಚೆಂದ ಇತ್ತು ಅಂತ ಶುರು ಮಾಡ್ತಾರೆ. ಹಿಂದಿನ ಕಾಲದಲ್ಲಿ ಕಲಾವಿದನಿಗೆ ಸಿಗ್ತಾ ಇದ್ದದ್ದು ಅಕ್ಕಿ, ತೆಂಗಿನಕಾಯಿ, ಅಂಗಳದ ಬದಿಯಲ್ಲಿ ಊಟ. ಕೊರಗರಿಂದ ಡೋಲು ಬಾರಿಸಿದ್ದು ಬಿಟ್ಟಿಯಾಗಿ, ಅಜಲು ಅನ್ನುವ ಹೆಸರಲ್ಲಿ, ಅದನ್ನ ನಿಲ್ಲಿಸ್ಲಿಕ್ಕೆ 2000ದಲ್ಲಿ ಕಾನೂನೇ ತರ್ಬೇಕಾಯ್ತು. ಈಗ ಅದೇ ಸಮುದಾಯದ ಯುವಕರು ತಂಡ ಕಟ್ಟಿ ತಾವು ಹೇಳಿದ ದರಕ್ಕೆ, ತಮಗೆ ಬೇಕೆನಿಸಿದ ವೇದಿಕೆಯಲ್ಲಿ ಡೋಲು ಬಾರಿಸ್ತಾರೆ. ಬೇಡ ಅನಿಸಿದ್ರೆ ಬೇಡ ಅಂತ ಹೇಳುವ ಧೈರ್ಯ ಬಂದಿದೆ. ಹೊರಗಿನ ಗಾಳಿ, ಓದು, ಕಾನೂನು, ಪೇಟೆಯ ಕೆಲಸ ಎಲ್ಲ ಸೇರಿ ಕೊಟ್ಟದ್ದು ಅದು. ಹೆಣ್ಣುಮಕ್ಕಳು ಯಕ್ಷಗಾನದ ವೇಷ ಕಟ್ಟುದು, ಚೆಂಡೆ ಹಿಡಿಯುದು, ಭಾಗವತಿಕೆ ಮಾಡುದು ಕೂಡ ಈ ಹೊಸ ಕಾಲದ್ದೇ, ನಂಗೆ ಅದು ತುಂಬ ಖುಷಿ. ನಂಗೆ ಬೇಕಾದ್ದು ಹಳೆ ಕಾಲ ಅಲ್ಲ, ಡೋಲಿನವರಿಗೆ ಸಿಕ್ಕಿದ ಆ ಅಧಿಕಾರ ಉಳಿದವರಿಗೂ ಸಿಗ್ಬೇಕು ಅನ್ನುದು.

ಪಿಲಿವೇಷ (ಹುಲಿವೇಷ) ನೋಡಿ. ಮೊದ್ಲು ನವರಾತ್ರಿಗೆ ಮಂಗಳಾದೇವಿಯಲ್ಲಿ, ಕುದ್ರೋಳಿಯಲ್ಲಿ, ಉಡುಪಿಯಲ್ಲಿ ಅಷ್ಟಮಿ ವಿಟ್ಲಪಿಂಡಿಗೆ, ಹರಕೆ ಹೊತ್ತವರು ಊದು ಪೂಜೆ ಮಾಡಿ, ಮೈಗೆ ಬಣ್ಣ ಹಚ್ಚಿಸ್ಕೊಂಡು, ಬಣ್ಣ ಒಣಗುವವರೆಗೆ ಕೈ ಚಾಚಿ ಗಂಟೆಗಟ್ಟಲೆ ನಿಂತು, ಆಮೇಲೆ ಇಡೀ ದಿನ ಅಂಗಡಿ ಅಂಗಡಿ, ಮನೆ ಮನೆ ಸುತ್ತುದು. ತಾಸೆ ವಾದ್ಯದ ಪೆಟ್ಟು ಕೇಳಿದ್ರೆ ಈಗಲೂ ಕಾಲು ಸುಮ್ಮನೆ ನಿಲ್ಲುದಿಲ್ಲ, ಇದು ಮಂಗಳೂರಲ್ಲಿ ಹುಟ್ಟಿದ ಯಾರಿಗೂ ವಿವರಿಸ್ಬೇಕಾಗಿಲ್ಲ. ಈಗ ದೊಡ್ಡ ಮೈದಾನದಲ್ಲಿ ಸ್ಪರ್ಧೆ, ಸ್ಪಾನ್ಸರ್, ಲಕ್ಷದ ಲೆಕ್ಕದಲ್ಲಿ ಬಹುಮಾನ, ಸಿನಿಮಾ ನಟರು ಗೆಸ್ಟು, ಮೇಲಿಂದ ಡ್ರೋನು. ದುಡ್ಡು ಬಂದದ್ದು ಒಳ್ಳೆದು, ಹುಡುಗ್ರಿಗೆ ಉತ್ಸಾಹ ಬಂದದ್ದು ಇನ್ನೂ ಒಳ್ಳೆದು, ಬಣ್ಣಗಾರರಿಗೆ ಕೆಲಸ ಸಿಕ್ಕಿದೆ. ಆದ್ರೆ ಇಷ್ಟೇ ನಿಮಿಷ ಅಂತ ಗಂಟೆ ಹೊಡೆದಾಗ ಯಾವುದು ಉಳೀತದೆ? ಲಾಗ ಹಾಕುದು, ಹಲ್ಲಲ್ಲಿ ಅಕ್ಕಿಮುಡಿ (ಬೈಹುಲ್ಲಲ್ಲಿ ಕಟ್ಟಿದ ಅಕ್ಕಿ ಮೂಟೆ) ಎತ್ತಿ ಎಸೆಯುದು ಉಳೀತದೆ, ಅದು ವಿಡಿಯೋಗೆ ಚೆಂದ. ಹುಲಿ ಸುಮ್ಮನೆ ಹೊಂಚು ಹಾಕ್ತಾ ಬರುವ ನಿಧಾನದ ಹೆಜ್ಜೆ ಇತ್ತಲ್ಲ, ಅದು ವಿಡಿಯೋದಲ್ಲಿ ಯಾರೂ ನೋಡುದಿಲ್ಲ, ಹಾಗಾಗಿ ಹುಡುಗ್ರು ಕಲಿಯುದೂ ಇಲ್ಲ. ಹಳೆ ಹುಲಿಗಳು ಇನ್ನೂ ಊರಲ್ಲಿ ಇದ್ದಾರೆ. ಅಂಕ ಯಾವುದಕ್ಕೆ ಎಷ್ಟು ಅಂತ ನಿಗದಿ ಮಾಡುವಾಗ ಅವ್ರನ್ನ ಕೇಳ್ಲಿ, ನಿಧಾನದ ಹೆಜ್ಜೆಗೆ ಅಂಕ ಇಟ್ರೆ ಹುಡುಗ್ರು ನಾಳೆಯೇ ಕಲೀತಾರೆ.

ದೈವದ ಬಗ್ಗೆ ಬರೀಲಿಕ್ಕೆ ನಂಗೆ ಸ್ವಲ್ಪ ಅಂಜಿಕೆ ಉಂಟು, ಅದು ನಮಗೆ ಕಲೆ ಅಲ್ಲ, ನಂಬಿಕೆ. 2022ರಲ್ಲಿ ದೈವದ ಕತೆಯ ಸಿನಿಮಾ ಬಂದ ಮೇಲೆ ದೇಶ ವಿದೇಶದವ್ರಿಗೆ ನಮ್ಮ ಪಂಜುರ್ಲಿ, ಗುಳಿಗನ ಹೆಸರು ಗೊತ್ತಾಯ್ತು, ತುಳುವರು ಯಾರು ಅಂತ ಹೊರಗೆ ಹೇಳ್ಲಿಕ್ಕೆ ಈಗ ಕಷ್ಟ ಇಲ್ಲ, ಅದು ಸಣ್ಣ ಸಂಗತಿ ಅಲ್ಲ. ಆದ್ರೆ ಆಮೇಲೆ ಶಾಲೆಯ ಛದ್ಮವೇಷಕ್ಕೆ ಮಕ್ಕಳಿಗೆ ಅಣಿ (ದೈವದ ಬೆನ್ನಿಗೆ ಕಟ್ಟುವ ಅಲಂಕಾರ) ಕಟ್ಟಿದ್ರು, ಮದುವೆ ರಿಸೆಪ್ಷನಲ್ಲಿ ಕುಣಿಸಿದ್ರು, ರೀಲ್ಸಲ್ಲಿ ಕೂಗಿದ್ರು, ಈಗ ಎಐಯಲ್ಲಿ ದೈವದ ಚಿತ್ರ ಮಾಡಿ ಯಾವ್ಯಾವುದಕ್ಕೋ ಹಾಕ್ತಾರೆ. ದೈವ ಕಟ್ಟುವ ಸಮುದಾಯಗಳಾದ ಪಂಬದರು, ಪರವರು, ನಲಿಕೆಯವರು ಒಂದು ನೇಮಕ್ಕೆ ದಿನಗಟ್ಟಲೆ ವ್ರತ ಹಿಡಿದು, ತೆಂಗಿನ ಸಿರಿ ಸೀಳಿ, ಬೆಂಕಿಯ ಮುಂದೆ ಇಡೀ ರಾತ್ರಿ ನಿಂತು ಮೈಮೇಲೆ ತರಿಸ್ಕೊಳ್ಳುವ ಆವೇಶ ಅದು. ಆ ಸಿನಿಮಾದ ನೂರಾರು ಕೋಟಿ ಗಳಿಕೆಯ ಸುದ್ದಿ ಬಂದ ಅದೇ ಅಕ್ಟೋಬರಲ್ಲಿ ಸರ್ಕಾರ 60 ವರ್ಷ ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಘೋಷಣೆ ಮಾಡಿತು. ಕೊಟ್ಟದ್ದಕ್ಕೆ ಸಂತೋಷವೇ, ಆದ್ರೆ ಎರಡು ಅಂಕಿಗಳನ್ನ ಅಕ್ಕಪಕ್ಕ ಇಟ್ಟು ನೋಡಿದವ್ರಿಗೆ ಹೊಟ್ಟೆ ಉರೀದೆ ಇರುದಿಲ್ಲ. ಏನು ಚಿತ್ರೀಕರಣ ಮಾಡ್ಬಹುದು, ಏನು ಮಾಡ್ಬಾರ್ದು ಅಂತ ಹೇಳ್ಬೇಕಾದವ್ರು ಆ ಮೂರು ಸಮುದಾಯದವ್ರು ಮತ್ತು ಆಯಾ ದೈವಸ್ಥಾನದವ್ರು, ಟಿವಿ ಚರ್ಚೆಗೆ ಬಂದು ಕೂರುವ ನಮ್ಮಂಥವ್ರಲ್ಲ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆ ಮರದ ಭೂತದ ಮೂರ್ತಿಗಳು ಇವತ್ತು ದಿಲ್ಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿ ಉಂಟು, ದೈವದ ಕಂಚಿನ ಮೊಗ (ಮುಖವಾಡ) ಅಮೆರಿಕದ ಮ್ಯೂಸಿಯಂಗಳಲ್ಲೂ ಉಂಟು. ಮೂರ್ತಿ, ಮೊಗ ಹೋದ ಹಾಗೆ ನಾಳೆ ಆವೇಶವೂ ಮಾರಾಟಕ್ಕೆ ಹೋಗ್ಬಾರ್ದು ಅಲ್ವಾ.

ಸೀರೆಯ ವಿಷಯ ಬೇಗ ಹೇಳಿ ಮುಗಿಸ್ತೇನೆ. ಉಡುಪಿ ಸೀರೆಗೆ 2016ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಸಿಕ್ಕಿದೆ. ನಮ್ಮ ಅಜ್ಜಿಯಂದಿರು ಉಡ್ತಾ ಇದ್ದ ಹತ್ತಿಯ ಕೈಮಗ್ಗದ ಸೀರೆ, ಹಗುರ, ನಮ್ಮ ಸೆಕೆಗೆ ಅದಕ್ಕಿಂತ ಒಳ್ಳೆದಿಲ್ಲ. ಪವರ್‌ಲೂಮ್ ಮತ್ತು ಸಿಂಥೆಟಿಕ್ ಬಂದು ಕೊನೆಗೆ ವಯಸ್ಸಾದ ಬೆರಳೆಣಿಕೆಯ ನೇಕಾರರು ಉಳಿದಿದ್ರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಕಾರ್ಕಳದ ಕದಿಕೆ ಟ್ರಸ್ಟಿನವ್ರು ಸೇರಿ ಅದನ್ನ ಮತ್ತೆ ಎಬ್ಬಿಸಿದ್ದಾರೆ, ಅಡಿಕೆಯ ಚೊಗರಿನಿಂದ (ಅಡಿಕೆ ಬೇಯಿಸಿದ ನೀರಿನಿಂದ) ಬಣ್ಣ ಹಾಕಿದ ಸೀರೆ ಉಂಟು, ನೇಯ್ದವರ ಹೆಸರು ಸೀರೆಯ ಜತೆಗೇ ಬರ್ತದೆ, ಹೊಸಬರು ಕಲೀಲಿಕ್ಕೆ ಬಂದಿದ್ದಾರೆ. ಇವ್ರ ಸೀರೆ ಹೊರ ಊರಿಗೆ ಹೋಗುದು ಇದೇ ಇಂಟರ್‌ನೆಟ್ಟಿಂದ, ಇದೇ ಜಾಗತೀಕರಣದಿಂದ. ಅದೇ ದಾರಿ, ಆದ್ರೆ ಏನು ನೇಯ್ಬೇಕು ಎಷ್ಟಕ್ಕೆ ಕೊಡ್ಬೇಕು ಅನ್ನುದು ಮಗ್ಗದ ಬದಿಯಲ್ಲಿ ತೀರ್ಮಾನ ಆಗ್ತದೆ, ಅದಕ್ಕೇ ಬದುಕಿತು. ದೇವಸ್ಥಾನಕ್ಕೆ, ಮದುವೆಗೆ ಉಡುಗೊರೆ ಕೊಡುವವ್ರು ದಯವಿಟ್ಟು ಒಮ್ಮೆ ಅಲ್ಲಿ ಹೋಗಿ ನೋಡಿ.

ಇನ್ನು ದುಡ್ಡಿನ ಲೆಕ್ಕ. ನಮ್ಮೂರಿನ ಉತ್ಸವ ಸಮಿತಿಯಲ್ಲಿ ಲೆಕ್ಕ ಬರೆಯುವ ಕೆಲಸ ಕೆಲವು ವರ್ಷದಿಂದ ನಂದು, ಹಾಗಾಗಿ ಎಲ್ಲಿ ಎಷ್ಟು ಹೋಗ್ತದೆ ಅಂತ ಗೊತ್ತುಂಟು, ಬೇರೆ ಊರಿನ ಸಮಿತಿಯವರ ಹತ್ರ ಕೇಳಿದ್ರೂ ಇದೇ ಕತೆ. ಸೌಂಡ್ಸು, ಎಲ್‌ಇಡಿ ಸ್ಕ್ರೀನು, ಲೈವ್ ಕ್ಯಾಮೆರಾದವ್ರು ಹೇಳಿದ ರೇಟಿಗೆ ಯಾರೂ ಚೌಕಾಸಿ ಮಾಡುದಿಲ್ಲ, ಚೆಂಡೆಯವ್ರು, ತಾಸೆಯವ್ರು, ವಾಲಗದವ್ರು ಸ್ವಲ್ಪ ಜಾಸ್ತಿ ಕೇಳಿದ್ರೆ ಕಳೆದ ವರ್ಷ ಇಷ್ಟಕ್ಕೇ ಬಂದಿದ್ರಲ್ಲ ಅಂತ ಕೇಳ್ತಾರೆ. ಗಲ್ಫಿಂದ, ಮುಂಬೈಯಿಂದ ನಮ್ಮ ಮಕ್ಕಳು ಕಳಿಸುವ ದುಡ್ಡಿಂದಲೇ ಇವತ್ತು ಊರಿನ ಹರಕೆ ಆಟ, ನೇಮ, ಬ್ರಹ್ಮಕಲಶ ನಡೀತದೆ, ಅವರ ಪ್ರೀತಿ ದೊಡ್ಡದು, ಅವ್ರಿಗೆ ಅಲ್ಲಿ ಕೂತು ನೋಡ್ಲಿಕ್ಕೆ ಲೈವ್ ಬೇಕು ಅನ್ನುದೂ ನ್ಯಾಯವೇ. ಆದ್ರೆ ಆ ಲೈವ್ ಆಮೇಲೆ ಯೂಟ್ಯೂಬಲ್ಲಿ ವರ್ಷಗಟ್ಟಲೆ ಓಡ್ತದೆ, ಭಾಗವತರ ಒಂದು ಒಳ್ಳೆ ಪದ್ಯವನ್ನ ತುಂಡು ಮಾಡಿ ಎಷ್ಟೋ ಜನ ಹಾಕ್ತಾರೆ, ಲಕ್ಷ ಲಕ್ಷ ಜನ ನೋಡ್ತಾರೆ, ಚಾನೆಲಿನವನಿಗೆ ದುಡ್ಡು ಬರ್ತದೆ, ಹಾಡಿದವ್ರಿಗೆ ಒಂದು ರೂಪಾಯಿ ಇಲ್ಲ, ಎಷ್ಟೋ ಸಲ ಹೆಸರೂ ಇಲ್ಲ.

ಇದಕ್ಕೆ ಕಾನೂನು ಇಲ್ಲ ಅಂತ ತುಂಬ ಕಲಾವಿದರು ತಿಳ್ಕೊಂಡಿದ್ದಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೀತೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ 38ನೇ ಸೆಕ್ಷನ್ ಉಂಟು, ಅದು ಪ್ರದರ್ಶಕರ ಹಕ್ಕು. ನಟ, ಗಾಯಕ, ವಾದಕ, ನರ್ತಕ ಮಾತ್ರ ಅಲ್ಲ, ದೊಂಬರಾಟದವ, ಹಾವಾಡಿಗ ಕೂಡ ಪ್ರದರ್ಶಕ ಅಂತ ಆ ಕಾಯ್ದೆ ಬರೆದೇ ಹೇಳ್ತದೆ, ಅಂದ ಮೇಲೆ ಯಕ್ಷಗಾನದ ವೇಷಧಾರಿ, ಭಾಗವತ, ಚೆಂಡೆ ಮದ್ದಳೆಯವರು ಖಂಡಿತ ಬರ್ತಾರೆ. ಆ ಹಕ್ಕು 50 ವರ್ಷ ಇರ್ತದೆ. ಅವರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಿ ಮಾರ್ಲಿಕ್ಕೆ, ಪ್ರಸಾರ ಮಾಡ್ಲಿಕ್ಕೆ ಆಗುದಿಲ್ಲ. 2012ರ ತಿದ್ದುಪಡಿ ಬಂದ ಮೇಲೆ ಇದು ಇನ್ನೂ ಗಟ್ಟಿ ಆಗಿದೆ, ಪ್ರದರ್ಶನ ಮಾಡಿದ್ದು ನಾನು ಅಂತ ಹೆಸರು ಹಾಕಿಸ್ಕೊಳ್ಳುವ ಹಕ್ಕೂ ಅದರಲ್ಲಿ ಉಂಟು. ಹಾಗಾದ್ರೆ ಮೇಳಗಳು, ಸಮಿತಿಗಳು ಬುಕಿಂಗ್ ಮಾಡುವಾಗಲೇ ಒಂದು ಕಾಗದದಲ್ಲಿ ಲೈವ್ ಉಂಟಾ, ಇದ್ರೆ ಎಷ್ಟು ದಿನ ಇಡ್ತೀರಿ, ಬಂದ ದುಡ್ಡಲ್ಲಿ ಕಲಾವಿದರಿಗೆ ಪಾಲು ಎಷ್ಟು ಅಂತ ಬರೆದು ಸಹಿ ಮಾಡಿದ್ರೆ ಆಗುದಿಲ್ವಾ? ವಕೀಲರೇ ಬೇಕಂತ ಇಲ್ಲ, ಒಂದು ಪುಟ ಸಾಕು. ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಯಕ್ಷಗಾನ ಅಕಾಡೆಮಿ, ತುಳು ಅಕಾಡೆಮಿಯವ್ರು ಸೇರಿ ಇಂಥ ಒಂದು ಮಾದರಿ ಪತ್ರ ಕನ್ನಡದಲ್ಲಿ ಮಾಡಿ ಎಲ್ಲ ಮೇಳಗಳಿಗೆ, ದೇವಸ್ಥಾನಗಳಿಗೆ ಹಂಚ್ಬೇಕು ಅಂತ ನಾನು ನಿಮ್ಮ ಪತ್ರಿಕೆಯ ಮೂಲಕ ಕೇಳ್ಕೊಳ್ತೇನೆ. ಶಾಲು ಹೊದಿಸಿ ಹಾರ ಹಾಕುವ ಸನ್ಮಾನಕ್ಕಿಂತ ಅದು ಹೆಚ್ಚು ಉಪಯೋಗ ಆಗ್ತದೆ.

ಪಕ್ಕದ ಕೇರಳದ ಕೂಡಿಯಾಟ್ಟಂ, ಮುಡಿಯೇಟ್ಟು ಎರಡೂ ಯುನೆಸ್ಕೊ ಪಟ್ಟಿಯಲ್ಲಿ ಉಂಟು, ನಮ್ಮ ಯಕ್ಷಗಾನ ಇಲ್ಲ. ಬಂದ್ರೆ ಸಂತೋಷ, ಪ್ರಯತ್ನ ಮಾಡುವವ್ರಿಗೆ ನನ್ನ ಬೆಂಬಲ ಉಂಟು, ಆದ್ರೆ ಪಟ್ಟಿಗೆ ಕಾಯುವ ಅಗತ್ಯ ಇಲ್ಲದ ಕೆಲಸ ನಮ್ಮ ಹತ್ರವೇ ತುಂಬ ಉಂಟು.

ಅದರಲ್ಲಿ ಒಂದು ನಿಮ್ಮದು, ಸಂಪಾದಕರೇ. ದಿನಾ ನೀವು 'ಇಂದಿನ ಯಕ್ಷಗಾನ' ಅಂತ ಸಣ್ಣ ಅಕ್ಷರದಲ್ಲಿ ಪಟ್ಟಿ ಹಾಕ್ತೀರಿ, ನಮ್ಮ ಮನೆಯಲ್ಲಿ ಪೇಪರ್ ಬಿಡಿಸಿದ ಕೂಡ್ಲೆ ನೋಡುದು ಅದನ್ನೇ, ಅದನ್ನ ಯಾವ ಕಾರಣಕ್ಕೂ ನಿಲ್ಲಿಸ್ಬೇಡಿ. ಅದರಲ್ಲಿ ಮೇಳದ ಹೆಸರು, ಜಾಗ, ಪ್ರಸಂಗ ಇರ್ತದೆ, ಭಾಗವತರ ಹೆಸರನ್ನೂ ಹಾಕಿ. ಫೋಟೊ ಹಾಕುವಾಗ ಕೆಳಗೆ 'ಯಕ್ಷಗಾನದ ಒಂದು ದೃಶ್ಯ', 'ಹುಲಿವೇಷದ ಅಬ್ಬರ' ಅಂತ ಮಾತ್ರ ಇರ್ತದೆ, ಉದ್ಘಾಟನೆ ಮಾಡಿದ ಗಣ್ಯರದ್ದು ಮಾತ್ರ ಎಡದಿಂದ ಬಲಕ್ಕೆ ಎಲ್ಲರ ಹೆಸರೂ ಬರ್ತದೆ. ವೇಷ ಯಾರದ್ದು, ಚೆಂಡೆ ಯಾರದ್ದು, ಹುಲಿಗೆ ಬಣ್ಣ ಬರೆದವ್ರು ಯಾರು, ತಾಸೆ ಯಾರು ಬಾರಿಸಿದ್ದು ಅಂತ ವರದಿಗಾರರು ಕೇಳಿ ಬರೀಲಿ. ನೇಮದ ಫೋಟೊಕ್ಕೆ ಹೆಸರು ಹಾಕ್ಬೇಕಾ ಬೇಡವಾ ಅನ್ನುದು ಬೇರೆ, ಆ ಹೊತ್ತಿನಲ್ಲಿ ಅಲ್ಲಿ ಇರುದು ದೈವ, ವ್ಯಕ್ತಿ ಅಲ್ಲ ಅನ್ನುವವ್ರು ಉಂಟು, ಅದನ್ನ ಆ ಕುಟುಂಬದವರನ್ನೇ ಕೇಳಿ ಅವ್ರು ಹೇಳಿದ ಹಾಗೆ ಮಾಡಿ. ಪತ್ತನಾಜೆಗೆ (ಮಳೆಗಾಲದ ಮೊದ್ಲು ತಿರುಗಾಟ ಮುಗಿಸುವ ದಿನಕ್ಕೆ) ಒಳಗೆ ಹೋದ ಮೇಳಗಳು ದೀಪಾವಳಿ ಕಳೆದ ಮೇಲೆ ಮತ್ತೆ ತಿರುಗಾಟಕ್ಕೆ ಹೊರಡ್ತವೆ, ಈ ಸಲದ ತಿರುಗಾಟದ ಮೊದಲ ದಿನದಿಂದಲೇ ಇದನ್ನ ಶುರು ಮಾಡ್ಬಹುದಾ ಅಂತ ದಯವಿಟ್ಟು ನಿಮ್ಮ ಕಚೇರಿಯಲ್ಲಿ ಮಾತಾಡಿ ತಿಳಿಸಿ.

ಇತಿ,
ನಿಮ್ಮ ಕಾಯಂ ಓದುಗ
ಮಂಗಳೂರು